ಬಸ್ಸಿನಲ್ಲಿ ಬಂದ ಸಿಡುಬು

ಆ ಗುಡಿಸಲ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ನಾನು ಹಾಡಿಗೆ ಹೋಗಿದ್ದು ಬಸುರಿಯೊಬ್ಬಳನ್ನು ನೋಡಲು. ಅವಳ ಗುಡಿಸಲು ಇನ್ನೂ ಮುಂದಿತ್ತು, ಸೊಪ್ಪು ಕಂಡೂ ದಾಟಿ ಹೋಗಬಹುದಿತ್ತು. ಅರವತ್ತರ ದಶಕದ ಕೊನೆಯ ಮಾತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿ ನಾನು ಸರ್ಕಾರಿ ನರ್ಸು. ಸುತ್ತಲ ಹಳ್ಳಿಗಳ ಜೊತೆಗೆ ಕಾಡಂಚಿನ ಬುಡಕಟ್ಟಿನವರ ಹಾಡಿಗಳೂ ನನ್ನ ಪಾಲಿಗೆ ಬಂದಿದ್ದವು. ಬೇಸಿಗೆ ಶುರುವಾದರೆ ಯಾವುದಾದರೂ ಮನೆಗೆ ಬೇವಿನ ಸೊಪ್ಪು ಕಟ್ಟಿರುವುದು ಹೊಸದೇನಲ್ಲ. ಮಕ್ಕಳಿಗೆ ನೀರುಕೋಟಲೆ, ಅಂದರೆ ಚಿಕನ್‌ಪಾಕ್ಸ್, ಎದ್ದರೂ ಕಟ್ಟುತ್ತಾರೆ. ಆದರೆ ಬಾಗಿಲಲ್ಲಿ ಕೂತಿದ್ದ ತಾಯಿ ನನ್ನನ್ನು ಕಂಡ ಕೂಡಲೇ ಎದ್ದು ಅಡ್ಡ ನಿಂತಳು.

"ಒಳಕ್ಕೆ ಬರಬ್ಯಾಡಿ ಕಣವ್ವ. ಅಮ್ಮ ಬಂದವಳೆ."

"ಯಾರಿಗೆ?"

"ಮಗಳೀಗೆ. ಕಾಫಿ ಕುಯ್ಯಕ್ಕೆ ಕೊಡಗಿಗೆ ಓಗಿದ್ಲು. ಬರೋವಾಗ್ಲೇ ಜರ ಇತ್ತು."

ಮಗಳು ಅಂದರೆ ಇಪ್ಪತ್ತರ ಒಳಗಿನ ಹೆಣ್ಣು. ನೀರುಕೋಟಲೆಗೆ ಅಷ್ಟು ದೊಡ್ಡವರು ಮಲಗುವುದು ಕಡಿಮೆ. ಮುಟ್ಟುವುದಿಲ್ಲ, ನೋಡಿ ಹೋಗುತ್ತೇನೆ ಎಂದು ಹೇಳಿ ತಲೆ ಬಗ್ಗಿಸಿ ಒಳಗೆ ಹೋದೆ. ಮೊದಲು ತಟ್ಟಿದ್ದು ವಾಸನೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಮುಖ ಕಂಡಿತು, ಆದರೆ ಅದು ಮುಖವಾಗಿ ಉಳಿದಿರಲಿಲ್ಲ. ಹಣೆ, ಕೆನ್ನೆ, ರೆಪ್ಪೆ, ಎಲ್ಲ ಕಡೆಯೂ ಬೊಕ್ಕೆ ಒಂದಕ್ಕೊಂದು ಸೇರಿಕೊಂಡು ತುಂಬಿತ್ತು. ಎದೆ ಹೊಟ್ಟೆಯ ಮೇಲೆ ಮಾತ್ರ ಕಡಿಮೆ. "ಅಂಗೈ ತೋರಿಸವ್ವ" ಅಂದೆ. ಹುಡುಗಿ ನಿಧಾನವಾಗಿ ಕೈ ಬಿಚ್ಚಿದಳು. ಅಂಗೈಯ ಗಟ್ಟಿ ಚರ್ಮದೊಳಗೆ ಹುರುಳಿಕಾಳು ಹುದುಗಿಸಿಟ್ಟ ಹಾಗೆ ಬೊಕ್ಕೆಗಳು, ಎಲ್ಲವೂ ಒಂದೇ ವಯಸ್ಸಿನವು.

ನೀರುಕೋಟಲೆ ಮೈ ನಡುವೆ ಹೆಚ್ಚು, ಅಂಗೈಗೆ ಬರುವುದು ಅಪರೂಪ. ಸಿಡುಬು ಮುಖ, ಕೈ, ಕಾಲು ಹುಡುಕಿಕೊಂಡು ಹೋಗುತ್ತದೆ. ತರಬೇತಿಯಲ್ಲಿ ಇದನ್ನು ಚಿತ್ರಪಟದಲ್ಲಿ ತೋರಿಸಿದ್ದರು. ನಮ್ಮ ಕಡೆ ಅದು ಹೆಚ್ಚುಕಡಿಮೆ ಮುಗಿಯಿತು ಎಂದೂ ಹೇಳಿದ್ದರು. ನನ್ನ ತೋಳಿನಲ್ಲಿ ದಾಕಿನ ಗುರುತು ಇತ್ತು, ಕೆಲಸಕ್ಕೆ ಸೇರಿದ ಮೇಲೂ ದಾಕು ಹಾಕಿಸಿಕೊಂಡಿದ್ದೆ. ಸಿಡುಬಿಗೆ ಹಾಕುವ ಆ ಲಸಿಕೆಯನ್ನು ಊರಲ್ಲಿ ಎಲ್ಲರೂ ದಾಕು ಅನ್ನುತ್ತಿದ್ದರು. ಹೆದರಬೇಕಾದ್ದು ನನಗಾಗಿ ಅಲ್ಲ ಎಂಬುದು ಗೊತ್ತಿತ್ತು.

ಮನೆಯಲ್ಲಿ ಒಂದೂವರೆ ವರ್ಷದ ಮಗಳಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಇಸುಬು. ಕೆನ್ನೆ, ಮೊಣಕೈ ಮಡಿಕೆ, ಮಂಡಿಯ ಹಿಂದೆ ಕೆರೆದು ಕೆರೆದು ರಸಿ ಸೋರುತ್ತಿತ್ತು. ಇಸುಬಿನ ಮಗುವಿಗೆ ದಾಕು ಹಾಕಬಾರದು. ಹಾಕಿದರೆ ಕೆಲವರಲ್ಲಿ ಆ ಲಸಿಕೆಯೇ ಒಡೆದ ಚರ್ಮದ ಮೇಲೆಲ್ಲ ಹಬ್ಬಿ ಜೀವಕ್ಕೆ ಬರುತ್ತದೆ. ಸುತ್ತ ಹತ್ತು ಹಳ್ಳಿಯ ಕೂಸುಗಳಿಗೆ ಸೂಜಿ ಚುಚ್ಚಿದವಳು ನಾನು, ನನ್ನ ಮಗಳ ತೋಳು ಮಾತ್ರ ಖಾಲಿ ಇತ್ತು.

ರಸ್ತೆಗೆ ಬಂದು ತಾಲ್ಲೂಕು ಕೇಂದ್ರವಾದ ಕೋಟೆಗೆ ಹೋಗುವ ಬಸ್ಸು ನಿಲ್ಲಿಸಿ, ಡಾಕ್ಟರು ಕೂಡಲೇ ಬರಬೇಕಂತೆ ಎಂದಷ್ಟೇ ಡ್ರೈವರಿಗೆ ಹೇಳಿ ಕಳಿಸಿದೆ. ಏನು ಎಂದು ಹೇಳಿದ್ದರೆ ಬಸ್ಸು ಕೋಟೆ ಸೇರುವ ಮುಂಚೆ ಹಾಡಿ ಖಾಲಿಯಾಗುತ್ತಿತ್ತು. ಬೇಗೂರಿಗೆ ಹಿಂತಿರುಗಿ ಆಸ್ಪತ್ರೆಯ ಹಿತ್ತಲಲ್ಲಿ ಸೀರೆ ಬಿಚ್ಚಿ, ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿ, ತಲೆಗೆ ಸ್ನಾನ ಮಾಡಿದೆ. ಗೋಡೆಯ ಆಚೆ ನನ್ನ ಮನೆ. ಮಗುವನ್ನು ನೋಡಿಕೊಳ್ಳುವ ಅಜ್ಜಿ ಏನೋ ಅಂದದ್ದಕ್ಕೆ ಮಗಳು ನಗುತ್ತಿದ್ದಳು. ಒಳಗೆ ಹೋಗಲು ಧೈರ್ಯ ಬರಲಿಲ್ಲ, ಆಸ್ಪತ್ರೆಯ ಜಗಲಿಯಲ್ಲೇ ಕೂತೆ.

ಸಂಜೆಗೆ ಮುಂಚೆ ಕೋಟೆಯಿಂದ ಜೀಪು ಬಂತು, ಅದರಲ್ಲೇ ಹಾಡಿಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಸಿಡುಬನ್ನು ಅವರೂ ನೋಡಿದ್ದು ಕಡಿಮೆ. ಜೊತೆಗಿದ್ದ ಹೆಲ್ತ್ ಇನ್‌ಸ್ಪೆಕ್ಟರು ನಿವೃತ್ತಿಗೆ ಹತ್ತಿರವಾದವರು. ಇಬ್ಬರೂ ಗುಡಿಸಲೊಳಗೆ ಹೋಗಿ ಬಂದರು. ಡಾಕ್ಟರು ಕೈ ತೊಳೆಯುವುದನ್ನು ನಿಲ್ಲಿಸಲೇ ಇಲ್ಲ. "ಸಿಡುಬೇ" ಅಂದರು ನೆಲ ನೋಡುತ್ತ. ಬೊಕ್ಕೆಯ ಹಕ್ಕಳೆ ತೆಗೆದು ಸೀಸೆಗೆ ಹಾಕಿ, ಅದನ್ನು ಡಬ್ಬಿಯಲ್ಲಿಟ್ಟು ಮೇಣ ಹಚ್ಚಿ ಪರೀಕ್ಷೆಗೆ ಕಳಿಸಿದ್ದಾಯಿತು. ಉತ್ತರ ಬರುವವರೆಗೆ ಕಾಯುವ ಹಾಗಿರಲಿಲ್ಲ.

ಇನ್‌ಸ್ಪೆಕ್ಟರು ಬೀಡಿ ಹಚ್ಚಿ ನನ್ನ ಹತ್ತಿರ ಬಂದು ಕೂತರು. ಅವರ ಅಪ್ಪನ ಕಾಲದಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ಕೂತಿತ್ತಂತೆ. ಆಮೇಲೆ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಇನ್‌ಫ್ಲುಯೆಂಜಾ ಜ್ವರದಲ್ಲಿ ಅವರ ಅಜ್ಜಿಯೂ ಇಬ್ಬರು ಅತ್ತೆಯರೂ ಒಂದೇ ವಾರದಲ್ಲಿ ಹೋದರಂತೆ.

"ಆ ಜ್ವರ ರೈಲು ಹಿಡ್ಕಂಡು ಬಂತು ಕಣಮ್ಮ. ರೈಲು ನಿಲ್ಲೋ ಊರಿಗೆ ಮೊದಲು, ಗಾಡಿ ಹೋಗೋ ಊರಿಗೆ ಆಮೇಲೆ. ಕಾಯಿಲೆಗೆ ಕಾಲಿಲ್ಲ, ಮನುಷ್ಯರು ಹೊತ್ಕಂಡು ಹೋಗಬೇಕು. ಈ ಹುಡುಗಿ ಯಾವ ಬಸ್ಸಲ್ಲಿ ಬಂದಳು, ಪಕ್ಕ ಯಾರು ಕೂತಿದ್ದರು, ಅದು ಗೊತ್ತಾಗಬೇಕು."

ಮರುದಿನ ಬೆಳಿಗ್ಗೆ ಹಾಡಿಯವರನ್ನೆಲ್ಲ ಸೇರಿಸಿದೆವು. ಹುಡುಗಿಯ ಗುಡಿಸಲಿಗೆ ಬಿದಿರಿನ ಬೇಲಿ ಹಾಕಿ, ದಾಕು ಹಾಕಿಸಿಕೊಂಡ ಇಬ್ಬರನ್ನು ಸರದಿಯಲ್ಲಿ ಕಾವಲಿಟ್ಟೆವು. ಒಳಗಿನ ಬಟ್ಟೆ, ಪಾತ್ರೆ ಹೊರಗೆ ಬರುವಂತಿಲ್ಲ. ಹುಡುಗಿಯ ಅಪ್ಪ ಅವ್ವನಿಗೆ ಹಿಂದೆಯೇ ದಾಕು ಆಗಿತ್ತು. ಆಗ ತಾನೇ ಹೊಸ ಸೂಜಿ ಬಂದಿತ್ತು, ತುದಿ ಸೀಳಿ ಕವಲಾಗಿರುವ ಪುಟ್ಟ ಸೂಜಿ. ಅದನ್ನು ಲಸಿಕೆಯಲ್ಲಿ ಅದ್ದಿ ಎತ್ತಿದರೆ ಕವಲಿನ ನಡುವೆ ಒಂದೇ ಹನಿ ನಿಲ್ಲುತ್ತದೆ. ತೋಳಿಗೆ ನೇರ ಹಿಡಿದು ಟಕಟಕ ಚುಚ್ಚಬೇಕು, ರಕ್ತ ಜಿನುಗಿದರೆ ಸಾಕು, ಹರಿಯಬಾರದು. ಜನ ಹಿಂದೆ ಹಿಂದೆ ಸರಿಯುತ್ತಿದ್ದರು. ಅಮ್ಮ ಮೈಮೇಲಿದ್ದಾಗ ಚುಚ್ಚಿದರೆ ಕೋಪ ಮಾಡಿಕೊಳ್ಳುತ್ತಾಳೆ ಎಂಬುದು ಅವರ ಹೆದರಿಕೆ. ಕೊನೆಗೆ ಹಾಡಿಯ ಯಜಮಾನ ಬಂದು ಕೂತು ತೋಳು ಚಾಚಿದ. ಅವನಾದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಮಧ್ಯಾಹ್ನ ನಾನು ಹುಡುಗಿಗೆ ಗಂಜಿ ಕುಡಿಸುತ್ತ ಬಸ್ಸಿನ ವಿಚಾರ ಕೇಳಿದೆ. ಜ್ವರ ಇಳಿದಿತ್ತು, ಬೊಕ್ಕೆಗಳು ಒಣಗಲು ಹತ್ತಿದ್ದವು, ಮಾತಾಡಲು ಅವಳ ತುಟಿ ಸುಲಭವಾಗಿ ಬಿಡುತ್ತಿರಲಿಲ್ಲ. ಕಾಫಿ ತೋಟದ ಕೂಲಿ ಲೈನು ಮನೆಯಲ್ಲಿ ಪರಸ್ಥಳದ ಕೂಲಿಯವನೊಬ್ಬ ಮೈಯೆಲ್ಲ ಬೊಕ್ಕೆ ಎದ್ದು ಮಲಗಿದ್ದನಂತೆ. ಇವಳಿಗೆ ಜ್ವರ ಬಂದ ಮೇಲೆ ಹೊರಟು ಪಿರಿಯಾಪಟ್ಟಣಕ್ಕೆ ಬಂದು, ಅಲ್ಲಿಂದ ಹುಣಸೂರಿಗೆ ಬಂದು, ಕೋಟೆಯ ಕಡೆ ಬಸ್ಸು ಹತ್ತಿದಳಂತೆ. ಆಗಲೇ ಬಾಯೊಳಗೆ ಹುಣ್ಣಾಗಿತ್ತು, ಹಣೆ ಮೇಲೆ ಕೆಂಪು ಎದ್ದಿತ್ತು.

"ಪಕ್ಕ ಯಾರು ಕೂತಿದ್ದರು?"

"ಒಂದು ಅಜ್ಜಿ. ಉಣಸೂರಲ್ಲಿ ಬಸ್ಸು ಅತ್ತಿದ್ಲು. ನನ್ ತಲೆ ಅಂಗೇ ಬೀಳ್ತಿತ್ತು, ಎಗಲಿಗೆ ಒರಗಿಸ್ಕಂಡ್ಲು. ಸೆರಗಲ್ಲಿ ಮುಖ ಒರಸಿದ್ಲು."

"ಯಾವೂರ ಅಜ್ಜಿ ಗೊತ್ತಾ?"

ಅವಳು ನನ್ನನ್ನೇ ನೋಡಿದಳು. "ನಿಮ್ ಮನೇದೇ ಅಲ್ವಾ ಅವ್ವ. ನಿಮ್ ಮಗೀನ ಎತ್ಕಂಡು ತಿರುಗ್ತದಲ್ಲ."

ಬಟ್ಟಲನ್ನು ಕೆಳಗಿಟ್ಟೆ. ಅದು ಉರುಳಿ ಗಂಜಿ ಚೆಲ್ಲಿತು.

ಅಜ್ಜಿ ನಮ್ಮ ನೆಂಟಳಲ್ಲ. ಬೇಗೂರಿನವಳೇ, ಒಂಟಿ ಹೆಂಗಸು, ನಾನು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳನ್ನು ಕೆ.ಆರ್. ನಗರದ ಕಡೆ ಕೊಟ್ಟಿತ್ತು. ಹತ್ತು ಹನ್ನೆರಡು ದಿನದ ಕೆಳಗೆ ಆ ಮಗಳನ್ನು ನೋಡಿಕೊಂಡು ಹುಣಸೂರಿನ ಮೇಲೆ ವಾಪಸಾಗಿದ್ದಳು. ಸಿಡುಬು ಒಬ್ಬರಿಂದ ಒಬ್ಬರ ಮೈ ಸೇರಿ ಜ್ವರವಾಗಿ ಏಳಲು ಹಿಡಿಯುವ ಕಾಲವೂ ಅಷ್ಟೇ.

ಮನೆಗೆ ಹೇಗೆ ಬಂದೆನೋ ತಿಳಿಯದು. ಬಾಗಿಲಲ್ಲೇ ನಿಂತು ಕೂಗಿದೆ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಮಗಳು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು.

"ಅಜ್ಜಿ, ಜ್ವರ ಬಂದಿದೆಯಾ?"

"ನೆನ್ನೆಯಿಂದ ಸೊಂಟ ನೋವು ಕಣವ್ವ, ಮೈ ಬಿಸಿ. ಅಷ್ಟೇಯ. ಬುಡು, ಓಯ್ತದೆ."

"ಮಗೂನ ಅಲ್ಲೇ ಮಲಗಿಸಿ ಎದ್ದು ಬಾ."

ಅವಳು ಬಂದಳು. ತೋಳು ತೋರಿಸು ಅಂದೆ. ಆ ತೋಳಿನಲ್ಲಿ ಒಂದು ದೊಡ್ಡ ಕಲೆ ಇತ್ತು. ಕಂಡವರೆಲ್ಲ ಅದನ್ನು ದಾಕಿನ ಗುರುತು ಎಂದೇ ತಿಳಿದಿದ್ದರು. ಬೆಳಕಿಗೆ ಹಿಡಿದು ನೋಡಿದರೆ ಅಂಚು ಸರಿಯಿಲ್ಲ, ಒಳಗೆ ಚುಕ್ಕೆಗಳಿಲ್ಲ.

"ಇದು ದಾಕಲ್ಲವಾ?"

"ಅದು ಬರೆ ಕಣವ್ವ. ಕೂಸಾಗಿದ್ದಾಗ ಬಾಲಗ್ರಹ ಅಂತ ನಮ್ಮವ್ವ ಎಳೆದಿದ್ದು. ದಾಕಿನೋರು ಬಂದಾಗೆಲ್ಲ ಇದ ನೋಡಿ ಮುಂದಕ್ಕೆ ಓಗೋರು. ನಾನೂ ಸುಮ್ಕಿರ್ತಿದ್ದೆ."

ಅವಳನ್ನು ಅವಳ ಮನೆಗೆ ಕಳಿಸಿ ಚಿಲಕ ಹಾಕಿಕೊಂಡಿರಲು ಹೇಳಿದೆ. ಅವಳು ಗೋಡೆ ಹಿಡಿದುಕೊಂಡು ನಡೆದು ಹೋದಳು.

ಡಾಕ್ಟರು ಹಾಡಿಯಿಂದ ಬಂದರು. ನಮ್ಮ ಮುಂದಿದ್ದ ಲೆಕ್ಕ ಸರಳ, ಅದೇ ಭಯ ಹುಟ್ಟಿಸುವಂಥದ್ದು. ಅಜ್ಜಿಯದು ಬರಿ ಜ್ವರವೂ ಇರಬಹುದು, ಸಿಡುಬೂ ಇರಬಹುದು. ಗೊತ್ತಾಗಬೇಕಾದರೆ ಬೊಕ್ಕೆ ಏಳುವವರೆಗೆ ಎರಡು ಮೂರು ದಿನ ಕಾಯಬೇಕು. ಸಿಡುಬೇ ಆದರೆ, ಆ ಮಡಿಲಲ್ಲಿ ಮಲಗಿದ್ದ ಮಗುವಿಗೆ ಸೋಂಕು ತಗುಲಿರಬಹುದು, ದಾಕು ಕೆಲಸ ಮಾಡುವುದು ಈಗಲೇ ಹಾಕಿದರೆ ಮಾತ್ರ. ಕಾದರೆ ಆ ಅವಕಾಶ ಹೋಗುತ್ತದೆ. ಹಾಕಿದರೆ ಇಸುಬಿನ ಮೇಲೆಲ್ಲ ದಾಕೇ ಹಬ್ಬಬಹುದು.

"ಸಿಡುಬು ಅಂತ ಗೊತ್ತಿದ್ದರೆ ಇಸುಬಿದ್ದರೂ ಹಾಕು ಅನ್ನುತ್ತದೆ ಪುಸ್ತಕ" ಅಂದರು ಡಾಕ್ಟರು. "ಗೊತ್ತಿಲ್ಲದಿದ್ದರೆ ಏನು ಮಾಡಬೇಕು ಅಂತ ಬರೆದಿಲ್ಲ. ದಾಕು ಹಬ್ಬಿದರೆ ತಡೆಯೋದಕ್ಕೆ ಒಂದು ಇಂಜೆಕ್ಷನ್ ಇದೆ. ಮೈಸೂರಲ್ಲಿ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ನಿಮ್ಮ ಮಗು. ನೀವು ಹೇಳಿದ ಹಾಗೆ."

ಯೋಚಿಸಿ ನಾಳೆ ಬೆಳಿಗ್ಗೆ ಹೇಳುತ್ತೇನೆ ಅಂದೆ. ಆ ಬೆಳಿಗ್ಗೆಯೇ ನನ್ನ ಗಂಡ ಬಂದರು. ಅವರು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಮೇಷ್ಟ್ರು, ರಜೆಗಳಲ್ಲಿ ಮಾತ್ರ ಬರುತ್ತಿದ್ದವರು. ಕೋಟೆ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿ ಓಡಿ ಬಂದಿದ್ದರು. ಚಪ್ಪಲಿ ಸಹ ಬಿಡದೆ ಮಗುವಿನ ಬಟ್ಟೆ ಚೀಲಕ್ಕೆ ತುರುಕತೊಡಗಿದರು.

"ಊರಿಗೆ ಕರ್ಕೊಂಡು ಹೋಗ್ತೀನಿ. ನಮ್ಮಮ್ಮ ನೋಡ್ಕೋತಾರೆ."

"ಆಗಲ್ಲ."

"ಯಾಕೆ ಆಗಲ್ಲ?"

"ಇವಳಿಗೆ ಅಂಟಿದ್ದರೆ ಬಸ್ಸಲ್ಲಿ ಎಷ್ಟು ಜನ, ನಿಮ್ಮ ಮನೇಲಿ ಎಷ್ಟು ಜನ, ನಿಮ್ಮ ಸ್ಕೂಲಲ್ಲಿ ಎಷ್ಟು ಮಕ್ಕಳು. ಆ ಹುಡುಗಿ ಹಾಗೇ ತಂದಿದ್ದು."

ಅವರು ಚೀಲ ಹಿಡಿದು ನಿಂತೇ ಇದ್ದರು. "ಅಂಟದೇ ಇದ್ದರೆ? ಇಲ್ಲಿಟ್ಟು ಅಂಟಿಸ್ತೀಯಾ?" ಅಂದರು. ನಾನು ಹೋಗಿ ಬಾಗಿಲಿಗೆ ಅಡ್ಡ ಕೂತೆ. ಆಮೇಲೆ ಅವರು ಚೀಲ ಕೆಳಗಿಟ್ಟು, ಅಂಗಿಯ ತೋಳು ಮಡಿಸಿ, "ಮೊದಲು ನನಗೆ ಹಾಕು, ಇಲ್ಲೇ ಇರ್ತೀನಿ" ಅಂದರು.

ಅವರಿಗೆ ಹಾಕಿದೆ. ನಂತರ ಮಗಳಿಗೆ. ತೀರ್ಮಾನ ಮಾಡಿದೆ ಎಂದು ಹೇಳುವ ಹಾಗೂ ಇಲ್ಲ. ಅಷ್ಟು ಹೊತ್ತಿಗೆ ಹೆದರಿಕೆ ಎರಡೂ ಕಡೆ ಒಂದೇ ಸಮ ಇತ್ತು, ಕೈ ತನ್ನ ಪಾಡಿಗೆ ಸೂಜಿ ತೆಗೆದುಕೊಂಡಿತು. ಇಸುಬು ಇಲ್ಲದ ಜಾಗ ಹುಡುಕಿ, ಮೆತ್ತಗೆ ಕೆಲವೇ ಚುಚ್ಚು ಹಾಕಿದೆ. ಅದರ ಮೇಲೆ ಕುದಿಸಿ ಒಣಗಿಸಿದ ಬಟ್ಟೆ ಕಟ್ಟಿ, ಕೆರೆಯದಂತೆ ಎರಡೂ ಕೈಗೆ ಚೀಲದ ಹಾಗೆ ಬಟ್ಟೆ ಹೊಲಿದೆ. ಅವಳು ಆ ಕೈಗಳನ್ನು ಆಟಿಕೆ ಎಂದುಕೊಂಡು ಅಪ್ಪನ ಮುಖಕ್ಕೆ ಬಡಿದಳು.

ಅಜ್ಜಿಗೆ ಆಮೇಲೆ ಬೊಕ್ಕೆ ಎದ್ದಿತು. ಹಣೆಯಲ್ಲಿ ಮೊದಲು, ಮಣಿಕಟ್ಟಿನಲ್ಲಿ ನಂತರ. ಬೇಗೂರಿನ ಬೀದಿಯ ನಡುವೆ ಅವಳನ್ನು ಇಡುವಂತಿರಲಿಲ್ಲ. ಊರವರು ಕಲ್ಲು ಎತ್ತಿಕೊಂಡು ನಿಂತಿರಲಿಲ್ಲ, ಆದರೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಾಡಿಯ ಬೇಲಿಯೊಳಗೆ, ಆ ಹುಡುಗಿಯ ಗುಡಿಸಲಿಗೇ ಕರೆದೊಯ್ದೆವು. ಅಲ್ಲಾದರೆ ಒಂದೇ ಕಾವಲು ಸಾಕು. ಅಜ್ಜಿ ಜೀಪು ಹತ್ತುವಾಗ ನಮ್ಮ ಮನೆಯ ಕಡೆ ನೋಡಿ, "ಮಗು ಎಂಗವ್ಳೆ?" ಅಂದಳು. ಆಟ ಆಡ್ತಿದ್ದಾಳೆ ಅಂದೆ. "ಅಂಗಿರ್ಲಿ" ಅಂದಳು.

ಹುಡುಗಿಗೆ ಆಗ ಎದ್ದು ಕೂರುವಷ್ಟು ಶಕ್ತಿ ಬಂದಿತ್ತು, ಒಂದು ಕಣ್ಣು ಮಾತ್ರ ಹೋಗಿತ್ತು. ಒಮ್ಮೆ ಬಂದವರಿಗೆ ಸಿಡುಬು ಮತ್ತೆ ಬರುವುದಿಲ್ಲ. ಅಜ್ಜಿಯ ಆರೈಕೆ ಅವಳೇ ಮಾಡುತ್ತೇನೆಂದಳು. ನಾನು ದಿನವೂ ಹೋಗಿ ನೋಡಿದಾಗ ಅವಳು ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ತುಟಿ ನೆನೆಸುತ್ತಿರುತ್ತಿದ್ದಳು. ನೊಣ ಬರದಂತೆ ಹೊಂಗೆ ಸೊಪ್ಪು ಬೀಸುತ್ತಿದ್ದಳು. ಅಜ್ಜಿಯ ಬೊಕ್ಕೆಗಳು ತುಂಬಿ ಒಂದಕ್ಕೊಂದು ಕೂಡಿಕೊಂಡ ಮೇಲೆ ಡಾಕ್ಟರು ನನ್ನ ಜೊತೆ ಅವಳ ವಿಷಯ ಮಾತಾಡುವುದನ್ನು ಕಡಿಮೆ ಮಾಡಿದರು.

ಇನ್‌ಸ್ಪೆಕ್ಟರು ಆ ದಿನಗಳಲ್ಲಿ ಪಿರಿಯಾಪಟ್ಟಣ, ಹುಣಸೂರು, ಕೋಟೆ ಎಂದು ಅಲೆದರು. ಕಂಡಕ್ಟರನ್ನು ಹಿಡಿದು, ಅವನು ನೆನಪಿಟ್ಟುಕೊಂಡಿದ್ದ ಮುಖಗಳನ್ನು ಹಿಡಿದು, ಊರೂರಿಗೆ ಹೋಗಿ ದಾಕು ಹಾಕಿಸಿದರು. ಹುಣಸೂರಿನ ತಂಬಾಕು ಒಣಗಿಸುವ ಬ್ಯಾರನ್ನಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಬೊಕ್ಕೆ ಎಂದು ಸುದ್ದಿ ಬಂದಾಗ ಮತ್ತೆ ಅಲ್ಲಿಗೆ ಓಡಿದರು. ಅದು ನೀರುಕೋಟಲೆ ಎಂದು ತಿಳಿಯುವವರೆಗೆ ಡಾಕ್ಟರು ಊಟ ಮಾಡಲಿಲ್ಲ.

ದಾಕು ಹಾಕಿದ ವಾರದ ಮೇಲೆ ಮಗಳಿಗೆ ಜ್ವರ ಬಂತು. ತೋಳಿನ ಬೊಕ್ಕೆ ಎದ್ದದ್ದು ಸರಿ, ಆದರೆ ಮೊಣಕೈ ಮಡಿಕೆಯಲ್ಲಿ, ಕೆನ್ನೆಯಲ್ಲಿ ಹೊಸ ಬೊಕ್ಕೆಗಳು ಕಾಣಿಸಿಕೊಂಡವು. ಮುಖ ಊದಿ ಕಣ್ಣು ಮುಚ್ಚಿತು. ನಾನು ನರ್ಸು, ಗುಡಿಸಲಲ್ಲಿ ಅಂಥದ್ದನ್ನೇ ನೋಡಿ ಬಂದವಳು, ಆದರೂ ನನ್ನ ಮಗಳ ಮೈಮೇಲಿದ್ದುದು ನಾನು ಹಾಕಿದ ದಾಕೋ, ಅಜ್ಜಿ ಕೊಟ್ಟ ಸಿಡುಬೋ ಹೇಳಲು ಆಗಲಿಲ್ಲ. ಮೈಸೂರಿಗೆ ಜೀಪು ಕಳಿಸಿದರು. ಅದು ಇಂಜೆಕ್ಷನ್ ಇಲ್ಲದೆ ಬಂತು.

ಡಾಕ್ಟರು ಒಂದೇ ಮಾತು ಹೇಳಿದರು. "ಇಸುಬು ಇದ್ದ ಕಡೆ ಮಾತ್ರ ಇದ್ದರೆ ದಾಕು. ಅಂಗೈ, ಅಂಗಾಲು ನೋಡ್ತಿರಿ."

ಆಗಿನಿಂದ ನನ್ನ ಕೆಲಸ ಅದೇ ಆಯಿತು. ಕೈಚೀಲ ಬಿಚ್ಚುವುದು, ಮುಷ್ಟಿ ಬಿಡಿಸುವುದು, ಬೆಳಕಿಗೆ ಹಿಡಿಯುವುದು. ಅವಳು ಬಿಡಿಸಲು ಬಿಡುತ್ತಿರಲಿಲ್ಲ, ಅಳಲು ಶಕ್ತಿ ಇಲ್ಲದೆ ಮುಲುಗುತ್ತಿದ್ದಳು. ನನ್ನ ಗಂಡ ಅವಳನ್ನು ಎದೆಗೆ ಒರಗಿಸಿಕೊಂಡು ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದರು. "ಏನಾದರೂ ಇದೆಯಾ?" ಎಂದು ಕೇಳುತ್ತಿದ್ದರು. ಇಲ್ಲ ಅಂದರೆ, "ಇನ್ನೊಂದು ಕೈ?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅಂಗೈಯಲ್ಲಿ ಕೆಂಪು ಚುಕ್ಕೆ ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು. ಕೆನ್ನೆಯ ಗಾಯದ ರಕ್ತ ಹತ್ತಿಕೊಂಡಿತ್ತು.

ಮಗಳ ಜ್ವರ ಇಳಿಯತೊಡಗಿದ ದಿನವೇ ಅಜ್ಜಿ ಹೋದಳು. ನಾನು ಬೇಲಿ ದಾಟಿ ಒಳಗೆ ಹೋದಾಗ ಹುಡುಗಿ ತೊಡೆ ಕದಲಿಸದೆ ಕೂತೇ ಇದ್ದಳು. "ನಿದ್ದೆ ಓಗವಳೆ ಅನ್ಕಂಡೆ" ಅಂದಳು. ಹೆಣವನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಬೇಕು, ದಾಕು ಆದವರು ಮಾತ್ರ ಮುಟ್ಟಬೇಕು. ಕೆ.ಆರ್. ನಗರದ ಕಡೆ ಇದ್ದ ಅವಳ ಮಗಳಿಗೆ ಬರಬೇಡ ಎಂದು ಹೇಳಿ ಕಳಿಸಿದವರೂ ನಾವೇ. ಹಾಡಿಯ ಯಜಮಾನ, ಇನ್‌ಸ್ಪೆಕ್ಟರು, ನನ್ನ ಗಂಡ, ಹುಡುಗಿಯ ಅಪ್ಪ, ಈ ನಾಲ್ವರು ಹೊತ್ತರು. ಊರಿನಿಂದ ಯಾರೂ ಬರಲಿಲ್ಲ. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅಜ್ಜಿಯ ಸೀರೆಗಳನ್ನು ಬೆಂಕಿಗೆ ಹಾಕಿ ಸುಡುವಾಗ ನಾನೂ ಕೋಲಿನ ತುದಿಯಲ್ಲೇ ಎತ್ತಿದ್ದೆ.

ಇನ್ನಷ್ಟು ವಾರ ಮನೆ ಮನೆ ಹುಡುಕಿದೆವು. ಹೊಸ ಬೊಕ್ಕೆ ಎಲ್ಲೂ ಕಾಣಲಿಲ್ಲ. ಹುಡುಗಿಯ ಕೊನೆಯ ಹಕ್ಕಳೆ ಉದುರಿದ ಮೇಲೆ ಬೇಲಿ ಕಿತ್ತು ಗುಡಿಸಲು ಸುಟ್ಟರು. ಕೆಲವು ದಿನದ ನಂತರ ಅವಳು ನಡೆದುಕೊಂಡೇ ನಮ್ಮ ಮನೆಗೆ ಬಂದಳು. ಬಸ್ಸಿನಲ್ಲಿ ಹತ್ತಿಸಿಕೊಳ್ಳಲಿಲ್ಲವಂತೆ. ಮುಖದ ತುಂಬ ಗುಳಿ. ಒಳಗೆ ಬಾ ಅಂದರೂ ಬರದೆ ಮೆಟ್ಟಿಲ ಕೆಳಗೆ ನಿಂತಳು.

"ಅವ್ವ, ಒಂದು ಮಾತು ಕೇಳಕ್ಕೆ ಬಂದೆ. ಅಜ್ಜೀಗೆ ನನ್ನಿಂದ್ಲೇ ಬಂತಾ?"

ಸುಳ್ಳು ಹೇಳಬಹುದಿತ್ತು. ಆದರೆ ಇಡೀ ತಾಲ್ಲೂಕಿಗೆ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಹೌದು" ಅಂದೆ. "ನಿನಗೆ ತೋಟದವನಿಂದ ಬಂತು. ಅವನಿಗೆ ಬೇರೆ ಯಾರಿಂದಲೋ."

"ಮೊದ್ಲು ಯಾರಿಗೆ ಬಂದಿದ್ದು?"

"ಅದು ಯಾರಿಗೂ ಗೊತ್ತಿಲ್ಲ. ನಮ್ಮ ಮುತ್ತಜ್ಜನ ಮುತ್ತಜ್ಜ ಹುಟ್ಟೋಕೂ ಮುಂಚಿನಿಂದ ಒಬ್ಬರಿಂದ ಒಬ್ಬರಿಗೆ ಬರ್ತಾನೇ ಇದೆ."

ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು. "ಅಜ್ಜಿಯಿಂದ?"

"ಯಾರಿಗೂ ಹೋಗಲಿಲ್ಲ. ಅವಳಲ್ಲೇ ನಿಂತಿತು."

"ಮಗೀಗೆ?"

"ಇಲ್ಲ. ಮಗೂಗೆ ಆಗಿದ್ದು ದಾಕಿನಿಂದ. ಒಳಗೆ ಆಡ್ತಿದ್ದಾಳೆ, ಕೇಳಿಸ್ಕೋ."

ಅವಳು ಕಿವಿಗೊಟ್ಟು ನಿಂತಳು. ಒಳಗೆ ಮಗಳು ಲೋಟವನ್ನು ನೆಲಕ್ಕೆ ಬಡಿಯುತ್ತಿದ್ದಳು. ಅಷ್ಟು ದಿನದಲ್ಲಿ, ಬೊಕ್ಕೆ ಒಡೆದಾಗಲೂ, ಕಣ್ಣು ಹೋದಾಗಲೂ ನಾನು ಆ ಹುಡುಗಿ ಅತ್ತದ್ದನ್ನು ನೋಡಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಇಳಿದು ಹೋಗಿ ಅವಳ ಪಕ್ಕ ಕೂತೆ.